ಅಜ್ಜಿಯ ‘ಗ’ ಮತ್ತು ನಮ್ಮ ಆಟೋಟ್ಯೂನ್

ಕಳೆದ ರಾಜ್ಯೋತ್ಸವಕ್ಕೆ ನಾವು ಒಂದು ಹಾಡು ಹಾಕಿದ್ವಿ, ನೆನಪಿದ್ಯಾ? ಕೆಳಗೆ ಬೀಟ್, ಮೇಲೆ ಸೋಬಾನೆ ಪದ. ಆಡಿಟೋರಿಯಂನಲ್ಲಿ ಶಿಳ್ಳೆಯೋ ಶಿಳ್ಳೆ. ಆ ಧ್ವನಿ ನಮ್ಮ ಗುಂಪಿನ ಗೆಳೆಯನೊಬ್ಬನ ಅಜ್ಜಿಯದು. ಊರು ಶಿವನಿ. ದಸರಾ ರಜೆಯಲ್ಲಿ ನಾಲ್ಕು ಜನ ರೈಲು ಹತ್ತಿ, ಬೀರೂರು, ಅಜ್ಜಂಪುರ ದಾಟಿ ಅಲ್ಲಿ ಇಳಿದು, ಅವರ ನಡುಮನೆಯಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡ್ಕೊಂಡು ಬಂದಿದ್ವಿ. ಹಾಡು ರೆಡಿಯಾದ ಮೇಲೆ ಫೋನಲ್ಲಿ ಅಜ್ಜಿಗೆ ಕೇಳಿಸಿದ್ವಿ. ಪೂರ್ತಿ ಕೇಳಿ ಅವರು ಹೇಳಿದ್ದು: “ಚೆಂದಾಗೈತೆ ಕಣಪ್ಪ. ಯಾರು ಹಾಡಿರೋದು?”

ಆವತ್ತು ಎಲ್ಲರೂ ನಕ್ಕಿದ್ವಿ. ಆಮೇಲೆ ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ.

ಮೊದಲೇ ಹೇಳಿಬಿಡ್ತೀವಿ, ‘ಆಟೋಟ್ಯೂನ್ ಬಂದ ಮೇಲೆ ಕತ್ತೆನೂ ಗಾಯಕ’ ಅನ್ನೋ ಗುಂಪು ನಮ್ಮದಲ್ಲ. ಧ್ವನಿಗೆ ಬಣ್ಣ ಹಚ್ಚೋದು ಕಂಪ್ಯೂಟರ್ ಬಂದ ಮೇಲೆ ಶುರುವಾಗಿದ್ದಲ್ಲ. ತಂಬೂರಿಯ ಕುದುರೆ ಮೇಲೆ ತಂತಿಯ ಅಡಿ ಒಂದು ಸಣ್ಣ ದಾರ ಇಡ್ತಾರಲ್ಲ, ಆ ಜೀವಾಳಿಯಿಂದಲೇ ಝೇಂಕಾರ ಹುಟ್ಟೋದು. ಅದೂ ಒಂದು ಎಫೆಕ್ಟೇ. ಊರಿನ ಭಜನೆಯಲ್ಲಿ ಎಕೋ ಜಾಸ್ತಿ ಮಾಡದಿದ್ರೆ ಹಾಡೋರಿಗೇ ಸಮಾಧಾನ ಇಲ್ಲ. ನಾವು ಮೈಕ್ ಇಟ್ಟಾಗ ಈ ಅಜ್ಜಿಯ ಮೊದಲ ಪ್ರಶ್ನೆಯೂ “ಎಕೋ ಐತೇನ್ರೋ?” ಅಂತಲೇ. ಅಂದ್ರೆ ಬಣ್ಣದ ಬಗ್ಗೆ ಅವರಿಗೂ ತಕರಾರಿರಲಿಲ್ಲ. ನಾವು ಮಾಡಿದ್ದು ಬೇರೆ. ಅವರ ಹಾಡನ್ನ ‘ತಿದ್ದಿದ್ವಿ’.

ಆಟೋಟ್ಯೂನ್ 1997ರಲ್ಲಿ ಬಂತು. ಮಾಡಿದ್ದು ಆಂಡಿ ಹಿಲ್ಡೆಬ್ರ್ಯಾಂಡ್ ಅನ್ನೋ ಎಂಜಿನಿಯರ್. ಅದಕ್ಕೂ ಮೊದಲು ಅವರ ಕೆಲಸ ನೆಲದೊಳಗೆ ಕಳಿಸಿದ ಅಲೆಗಳನ್ನು ಓದಿ ಎಣ್ಣೆ ಎಲ್ಲಿದೆ ಅಂತ ಹುಡುಕೋದು. ಅಲ್ಲಿ ಬಳಸ್ತಿದ್ದ ಆಟೋಕೋರಿಲೇಶನ್ನನ್ನೇ (ಹೌದು, ಸಿಗ್ನಲ್ಸ್ ಕ್ಲಾಸಲ್ಲಿ ನಮಗೆ ನಿದ್ದೆ ಬರಿಸೋ ಅದೇ) ಕಂಠಕ್ಕೆ ಹಚ್ಚಿದರು. ಅದು ಧ್ವನಿಯ ಶ್ರುತಿ ಕಂಡುಹಿಡಿದು, ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತೆ. ನಿಧಾನಕ್ಕೆ ಎಳೆದರೆ ಕೇಳೋರಿಗೆ ಗೊತ್ತಾಗಲ್ಲ. ಎಳೆಯೋ ಸಮಯವನ್ನ ಸೊನ್ನೆಗೆ ಇಟ್ಟರೆ ಧ್ವನಿ ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹಾರಿದ ಹಾಗೆ ಹಾರುತ್ತೆ. 1998ರಲ್ಲಿ ಷೆರ್ ‘ಬಿಲೀವ್’ ಹಾಡಲ್ಲಿ ಅದನ್ನೇ ಬೇಕಂತ ಮಾಡಿದ್ರು, ಜಗತ್ತು ಕುಣೀತು. ಅದು ಹಾಡಿದವರೇ ಒಪ್ಪಿದ ವೇಷ, ನಮಗೂ ಇಷ್ಟ.

ಆದ್ರೆ ‘ಹತ್ತಿರದ ಸ್ವರ’ ಯಾವುದು ಅಂತ ಯಾರು ಹೇಳಬೇಕು? ನಾವು ಸಾಫ್ಟ್‌ವೇರಲ್ಲಿ ಇಟ್ಟಿದ್ದು ಕೀಬೋರ್ಡಿನ 12 ಮನೆಗಳ ಲೆಕ್ಕ, ಒಂದೊಂದರ ನಡುವೆ ಸರಿಯಾಗಿ 100 ಸೆಂಟ್. ಅಜ್ಜಿಯ ‘ಗ’ ಮಾತ್ರ ಎರಡು ಗಾಂಧಾರಗಳ ನಡುವೆ ಕೂತಿತ್ತು. ಸಾಫ್ಟ್‌ವೇರ್ ಅದನ್ನ ಒಂದು ಸಾಲಲ್ಲಿ ಮೇಲಕ್ಕೆ ಎಳೀತು, ಮುಂದಿನ ಸಾಲಲ್ಲಿ ಕೆಳಕ್ಕೆ. ‘ಪಾಪ, ವಯಸ್ಸಾಗಿದೆ, ಶ್ರುತಿ ನಿಲ್ತಿಲ್ಲ’ ಅಂದುಕೊಂಡು ಎಲ್ಲವನ್ನೂ ಮೇಲಕ್ಕೇ ಕೂರಿಸಿದ್ವಿ. ಪಿಚ್ ಗೆರೆ ಸ್ಕ್ರೀನ್ ಮೇಲೆ ಕಣ್ಣೆದುರಿಗೇ ಇತ್ತು. ಪ್ರತಿ ಸಲವೂ ಅಜ್ಜಿ ಬರ್ತಿದ್ದಿದ್ದು ಅದೇ ಜಾಗಕ್ಕೆ. ತಪ್ಪು ಹಾಡೋರು ಸಲಕ್ಕೊಂದು ಕಡೆ ತಪ್ತಾರೆ, ಪ್ರತಿ ಸಲ ಒಂದೇ ಕಡೆ ತಪ್ಪಲ್ಲ. ಇಷ್ಟು ಡೇಟಾ ನೋಡಿಯೂ ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ಲಗಿನ್ ಮಾತನ್ನೇ ನಂಬಿದ್ವಿ.

ಆಮೇಲೆ ನಾಯ್ಸ್ ರಿಡಕ್ಷನ್. ಸ್ಟೇಷನ್ ಕಡೆಯಿಂದ ಕೇಳ್ತಿದ್ದ ರೈಲಿನ ಹಾರ್ನ್ ಹೋಯ್ತು, ಒಳ್ಳೇದೇ. ಜೊತೆಗೆ ಸಾಲಿನ ಕೊನೆಯಲ್ಲಿ ಅಜ್ಜಿ ಉಸಿರು ಎಳ್ಕೊಳ್ಳೋದೂ, ಸೊಲ್ಲು ಹಿಡಿಯೋಕೆ ಕೂತಿದ್ದ ಪಕ್ಕದ ಮನೆಯವರ ಬಳೆ ಸದ್ದೂ ಹೋಯ್ತು. ಉಳಿದದ್ದಕ್ಕೆ ರಿವರ್ಬ್ ಸುರಿದ್ವಿ. ನಡುಮನೆ ಹೋಗಿ ಕೆಥೀಡ್ರಲ್ ಆಯ್ತು. ಇಷ್ಟಾದ ಮೇಲೆ ‘ಯಾರು ಹಾಡಿರೋದು’ ಅಂತ ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ?

ಸಿನಿಮಾದವರು ನಮಗಿಂತ ದೂರ ಹೋಗಿದ್ದಾರೆ. 2020ರಲ್ಲಿ ತೀರಿಕೊಂಡ ಎಸ್‌ಪಿಬಿ ಅವರ ಧ್ವನಿಯನ್ನ ತಮ್ಮ ಒಪ್ಪಿಗೆ ಇಲ್ಲದೆ ಎಐನಿಂದ ಮರುಸೃಷ್ಟಿಸಿದ್ದಾರೆ ಅಂತ ಅವರ ಕುಟುಂಬ 2024ರಲ್ಲಿ ಒಂದು ತೆಲುಗು ಚಿತ್ರದವರಿಗೆ ನೋಟಿಸ್ ಕಳಿಸಿತು. ಅದೇ ವರ್ಷ ‘ಲಾಲ್ ಸಲಾಂ’ ಚಿತ್ರಕ್ಕೆ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ಧ್ವನಿಯನ್ನ ಎಐನಲ್ಲೇ ತಂದರು, ಆದರೆ ಮನೆಯವರನ್ನ ಕೇಳಿ, ಸಂಭಾವನೆ ಕೊಟ್ಟು. ನಾವು ಬದುಕಿರೋ ಅಜ್ಜಿಯನ್ನೇ ಕೇಳಿರಲಿಲ್ಲ.

ಇನ್ನೊಂದು ವಿಷಯ ಹೇಳೋಕೆ ನಾಚಿಕೆ. ಮೂಲ ರೆಕಾರ್ಡಿಂಗ್ ಈಗ ಇಲ್ಲ. ಇಂಟರ್ನಲ್ಸ್ ಟೈಮಲ್ಲಿ ಲ್ಯಾಪ್‌ಟಾಪ್ ತುಂಬಿತ್ತು, ‘ಫೈನಲ್ ಇದ್ಯಲ್ಲ’ ಅಂತ ಡಿಲೀಟ್ ಮಾಡಿದ್ವಿ. ಆಟೋಟ್ಯೂನ್ ಮೇಲೆ ಎಷ್ಟೇ ದೂರು ಹೇಳಿದ್ರೂ ಆ ಡಿಲೀಟ್ ಬಟನ್ ಒತ್ತಿದ್ದು ನಾವೇ.

ಅದಕ್ಕೇ ನಮ್ಮ ಸಂಘದಲ್ಲಿ ಇನ್ಮುಂದೆ ಹೀಗೆ ನಡೀಬೇಕು ಅಂತ ವಾದ ಮಾಡ್ತಿದ್ದೀವಿ: ಊರಿಂದ ತಂದ ಯಾವ ಹಾಡೇ ಆದ್ರೂ ಕಚ್ಚಾ ಫೈಲ್ ಸಂಘದ ಡ್ರೈವಲ್ಲಿ ಇರಲೇಬೇಕು. ಬಿಡುಗಡೆಗೆ ಮೊದಲು ಹಾಡಿದವರು ಕೇಳಿ, ‘ಇದು ನಾನೇ’ ಅನ್ನಬೇಕು. ರೋಬೋ ಧ್ವನಿ ಬೇಕಾ, ಧಾರಾಳವಾಗಿ ಹಾಕೋಣ, ನಮ್ಮ ಧ್ವನಿಗೆ. ‘ಇಷ್ಟೊಂದು ರೂಲ್ಸ್ ಇದ್ರೆ ಫೆಸ್ಟ್‌ಗೆ ಟ್ರ್ಯಾಕ್ ಮುಗಿಯಲ್ಲ ಮಗಾ’ ಅಂತ ಮಿಕ್ಸಿಂಗ್ ಮಾಡೋ ಗೆಳೆಯ ಇನ್ನೂ ಜಗಳ ಆಡ್ತಿದ್ದಾನೆ. ಮುಗಿಯದಿದ್ರೆ ಬೇಡ ಬಿಡಿ.

ಸೆಮ್ ಮುಗಿದ ಮೇಲೆ ಮತ್ತೆ ಶಿವನಿಗೆ ಹೋಗ್ತಿದ್ದೀವಿ. ಸಂಕ್ರಾಂತಿ ಆದಮೇಲೆ ಅಜ್ಜಿ ಮುಂದಿನ ಹಲ್ಲು ನಾಲ್ಕು ಕೀಳಿಸಿದ್ದಾರೆ, ‘ಸ’ ಎಲ್ಲ ಈಗ ಗಾಳಿ. ದಸರಾದ ಧ್ವನಿ ಇನ್ನು ಸಿಗಲ್ಲ. ಫೋನ್ ಮಾಡಿ ಬರ್ತೀವಿ ಅಂದ್ರೆ ಅಜ್ಜಿ ಕೇಳಿದ್ದು ಮತ್ತೆ ಅದೇ, “ಎಕೋ ತರ್ತೀರೇನ್ರೋ?”

ತರ್ತೀವಿ ಅಜ್ಜಿ.