ಊರಿನ ಭಾಷೆಗೆ ಬಾರದ ಡಿಜಿಟಲ್ ಪ್ರಜಾಪ್ರಭುತ್ವ

1843ರ ಜುಲೈ 1ರಂದು ಮಂಗಳೂರಿನ ಬಲ್ಮಠದಲ್ಲಿ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಹೊರಬಂದಿತು. ಕನ್ನಡದ ಮೊದಲ ಪತ್ರಿಕೆಯಾದ ಇದರ ಸಂಪಾದಕ ಹರ್ಮನ್ ಮೋಗ್ಲಿಂಗ್ ಜರ್ಮನಿಯಿಂದ ಬಂದ ಪಾದ್ರಿ. ಮಿಶನ್ನಿನ ಮುಖ್ಯ ಕೆಲಸ ಮತಪ್ರಚಾರ. ಆದರೂ ಅದರ ಪುಟಗಳಲ್ಲಿ ಊರ ವರ್ತಮಾನದ ಜೊತೆಗೆ ಸರ್ಕಾರದ ನಿರೂಪಗಳೂ ಕನ್ನಡದಲ್ಲಿ ಅಚ್ಚಾದವು. ಆಗ ಆಳುತ್ತಿದ್ದುದು ಕಂಪನಿ ಸರ್ಕಾರ. ಪ್ರಜೆಗೆ ಮತದ ಹಕ್ಕಿರಲಿಲ್ಲ. ಹಾಗಿದ್ದೂ, ಆಳುವವರ ಮಾತು ಆಳಿಸಿಕೊಳ್ಳುವವರ ನುಡಿಯಲ್ಲಿ ಇರಬೇಕೆಂಬುದು ಆ ಅಚ್ಚುಕೂಟಕ್ಕೆ ತಿಳಿದಿತ್ತು.

ಇಂದು ಪ್ರಜೆಗೆ ಮತವಿದೆ, ಗ್ರಾಮಸಭೆಯಿದೆ, ಕೈಯಲ್ಲಿ ಮೊಬೈಲೂ ಇದೆ. ಆಡಳಿತವು ಡಿಜಿಟಲ್ ಯುಗಕ್ಕೆ ಕಾಲಿಟ್ಟಿದೆಯೆಂದು ದೆಹಲಿಯೂ ಬೆಂಗಳೂರೂ ಹೆಮ್ಮೆಪಡುತ್ತಿವೆ. ಆದರೆ ಮಲೆನಾಡಿನ ಭವಿಷ್ಯವನ್ನು ನಿರ್ಧರಿಸುವ ಕಾಗದಗಳು ಮಲೆನಾಡಿಗರ ಕೈಗೆ ಯಾವ ರೂಪದಲ್ಲಿ ಬಂದಿವೆ?

ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿಯ ವರದಿ ಕೇಂದ್ರ ಸರ್ಕಾರಕ್ಕೆ ಸಲ್ಲಿಕೆಯಾದದ್ದು 2011ರ ಆಗಸ್ಟ್‌ನಲ್ಲಿ. ಅದನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂಬುದು ಗಾಡ್ಗೀಳರ ಆಗ್ರಹವಾಗಿತ್ತು. ಸಚಿವಾಲಯವು ವರದಿಯನ್ನೇ ಬಚ್ಚಿಟ್ಟಿತು. ಮಾಹಿತಿ ಹಕ್ಕಿನಡಿ ಹೋರಾಟ ನಡೆದು, ದೆಹಲಿ ಹೈಕೋರ್ಟಿನಲ್ಲೂ ಸಚಿವಾಲಯಕ್ಕೆ ಸೋಲಾದ ಮೇಲೆ, 2012ರ ಮೇ ತಿಂಗಳಲ್ಲಿ ಅದು ಜಾಲತಾಣಕ್ಕೆ ಬಂದಿತು, ಇಂಗ್ಲಿಷಿನಲ್ಲಿ. ಮೂಲವನ್ನು ಓದುವ ಅವಕಾಶವಿಲ್ಲದ ಊರುಗಳಲ್ಲಿ ಗಾಳಿಮಾತೇ ವರದಿಯಾಯಿತು. ಮನೆ ಬಿಡಿಸುತ್ತಾರೆ, ಅಡಿಕೆ ತೋಟ ಕಿತ್ತುಕೊಳ್ಳುತ್ತಾರೆ ಎಂಬ ಭಯವನ್ನು ಬಿತ್ತಿದವರಿಗೆ ಫಸಲು ಸುಲಭವಾಗಿ ಕೈಗೆ ಬಂದಿತು.

2020ರ ಪರಿಸರ ಪರಿಣಾಮ ಅಂದಾಜು ಕರಡಿನ ಕಥೆಯೂ ಇದೇ. ದೇಶವೆಲ್ಲ ಲಾಕ್‌ಡೌನಿನಲ್ಲಿದ್ದಾಗ ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಪ್ರಕಟವಾಯಿತು. ಸಾರ್ವಜನಿಕರ ಅಭಿಪ್ರಾಯಕ್ಕೆ ಇದ್ದ 30 ದಿನಗಳನ್ನು 20ಕ್ಕೆ ಇಳಿಸುವ ಪ್ರಸ್ತಾಪವೂ ಅದರಲ್ಲಿತ್ತು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದಿಸಿರೆಂದು ದೆಹಲಿ ಹೈಕೋರ್ಟು ಜೂನ್ 30ರಂದು ಆದೇಶಿಸಿತು. ಕೇಂದ್ರವು ಅನುವಾದಕರನ್ನು ಹುಡುಕುವ ಬದಲು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು! ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ನೀಡಿತು.

2006ರ ಅಧಿಸೂಚನೆಯಲ್ಲೂ ಕೊರತೆಯಿದೆ. ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಸಾರಾಂಶ ಮಾತ್ರ. ನೂರಾರು ಪುಟಗಳ ಮೂಲ ವರದಿಯಲ್ಲಿ ಹೊಳೆಯ ನೀರಿನ ಲೆಕ್ಕ, ಕಾಡಿನ ಮರಗಳ ಲೆಕ್ಕ ಇರುತ್ತದೆ. ಆ ಲೆಕ್ಕ ತಪ್ಪಾಗಿದ್ದರೆ ಗುರುತಿಸಬಲ್ಲವನು ಹೊಳೆಯ ದಂಡೆಯ ರೈತ. ಅವನಿಗೇ ಅದು ಮುಚ್ಚಿದ ಪುಸ್ತಕ.

ಕಂಪ್ಯೂಟರನ್ನು ದೂಷಿಸಿ ಪ್ರಯೋಜನವಿಲ್ಲ. 2018ರಲ್ಲಿ ಬಂದ ‘ಪರಿವೇಶ್’ ಜಾಲತಾಣದಲ್ಲಿ ಯೋಜನೆಯ ಮಾಲೀಕನು ತನ್ನ ಕಡತ ಎಲ್ಲಿದೆಯೆಂದು ಕುಳಿತಲ್ಲಿಯೇ ನೋಡಬಲ್ಲ. 2022ರ ಜನವರಿಯಲ್ಲಿ ಸಚಿವಾಲಯವು, ಬೇಗನೆ ಅನುಮತಿ ಕೊಡುವ ರಾಜ್ಯ ಪ್ರಾಧಿಕಾರಗಳಿಗೆ ಅಂಕ ಕೊಡುವ ಪದ್ಧತಿಯನ್ನು ಪ್ರಕಟಿಸಿತು. ವೇಗಕ್ಕೆ ಅಂಕವುಂಟು, ಜನರಿಗೆ ಅರ್ಥವಾಗುವಂತೆ ತಿಳಿಸಿದ್ದಕ್ಕೆ ಅಂಕವೇಕಿಲ್ಲ?

ಅನುವಾದ ಅಸಾಧ್ಯವೆಂಬ ನೆಪವನ್ನು ಕರ್ನಾಟಕದಲ್ಲಿ ಯಾರೂ ಒಪ್ಪಬೇಕಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆಯೇ ‘ಭೂಮಿ’ ಯೋಜನೆಯು ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು, ಕನ್ನಡದಲ್ಲಿ. ರೈತನು 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಿಂದ ಅದನ್ನು ಪಡೆದನು. ಎರಡು ಕೋಟಿ ಪಹಣಿಗೆ ಒದಗಿದ ಕನ್ನಡವು ಒಂದು ಅಧಿಸೂಚನೆಗೆ ಒದಗದೇ?

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಮಣ್ಣಿನಡಿಯಾದವು. ಮರುದಿನ, ಘಟ್ಟಗಳ ಪರಿಸರಸೂಕ್ಷ್ಮ ಪ್ರದೇಶದ ಕರಡು ಆರನೆಯ ಬಾರಿ ಹೊರಬಿತ್ತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆಕ್ಷೇಪಣೆಗೆ 60 ದಿನ. ಮಳೆಗಾಲದಲ್ಲಿ ವಿದ್ಯುತ್ತೂ ಸಿಗ್ನಲ್ಲೂ ಒಟ್ಟಿಗೇ ಮಾಯವಾಗುವ ಹಳ್ಳಿಗಳಿಗೆ ಆ 60 ದಿನಗಳು ಎಂದು ಆರಂಭವಾದವು, ಎಂದು ಮುಗಿದವು?

ಬೇಡಿಕೆಗಳು ಸರಳವಾಗಿವೆ. ಕರಡು, ಪಟ್ಟಿ, ನಕ್ಷೆ ಎಲ್ಲವೂ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಲಿ. ಗಡುವಿನ ಎಣಿಕೆ ಆ ದಿನದಿಂದ ಆರಂಭವಾಗಲಿ. ಗ್ರಾಮಸಭೆಯ ಠರಾವು ಜಾಲತಾಣದಲ್ಲಿ ದಾಖಲಾಗಿ, ಅದನ್ನು ಒಪ್ಪಿದ ಅಥವಾ ತಳ್ಳಿದ ಕಾರಣವು ಅದರ ಕೆಳಗೇ ಕನ್ನಡದಲ್ಲಿ ಪ್ರಕಟವಾಗಲಿ. ಉತ್ತರಿಸಬೇಕಾದ ಹೊಣೆಯಿಲ್ಲದ ಜಾಲತಾಣವು ಹೊಸ ಕಾಲದ ಕಸದ ಬುಟ್ಟಿಯಷ್ಟೆ.

ಸರ್ಕಾರ ಮಾಡುವವರೆಗೆ ಕಾಯುವುದೂ ಬೇಡ. ಮಲೆನಾಡಿನ ಪ್ರತಿ ಪಂಚಾಯಿತಿಯಲ್ಲೂ ಈಗ ಇಂಗ್ಲಿಷ್ ಬಲ್ಲ ಹತ್ತಾರು ವಿದ್ಯಾರ್ಥಿಗಳಿದ್ದಾರೆ. ಮುಂದಿನ ಕರಡು ಬಂದ ವಾರವೇ ಅವರು ತಮ್ಮ ಊರಿಗೆ ತಟ್ಟುವ ಪುಟಗಳನ್ನು ಕನ್ನಡಕ್ಕೆ ತಂದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಪರ ಇರಲಿ, ವಿರೋಧ ಇರಲಿ, ಓದಿ ತಿಳಿದ ಊರಿನ ಠರಾವನ್ನು ಬದಿಗೆ ಸರಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.