ಹಬ್ಬವಿಲ್ಲದವರ ರಜೆ

“ನಿಮಗೇನ್ ಹಬ್ಬ ಇಲ್ಲಲ್ರೀ, ನಾಳೆ ನೀವೇ ಬಂದ್ಬಿಡ್ರಿ.”

ದೀಪಾವಳಿಯ ಹಿಂದಿನ ಸಂಜೆ ಬಳ್ಳಾರಿಯ ಆಸ್ಪತ್ರೆ ವಾರ್ಡಿನಲ್ಲಿ, ಬಸ್ ಡಿಪೋದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಇಂಥ ಮಾತು ಕಿವಿಗೆ ಬೀಳುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಹಬ್ಬ ಇರುವವರು ಮನೆಯಲ್ಲಿರಲಿ, ಇಲ್ಲದವರು ದುಡಿಯಲಿ ಎಂಬ ಲೆಕ್ಕ ಮೇಲ್ನೋಟಕ್ಕೆ ನ್ಯಾಯವೆಂದೇ ತೋರುತ್ತದೆ. ಆದರೆ ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸದ್ದಿಲ್ಲದೆ ಒಂದಾಗಿಬಿಟ್ಟಿವೆ. ಹಬ್ಬ ಒಂದು, ರಜೆ ಇನ್ನೊಂದು. ಹಬ್ಬವನ್ನು ನಂಬುಗೆಯೋ ಮನೆತನವೋ ಕೊಡುತ್ತದೆ. ರಜೆಯನ್ನು ಕಾನೂನು ಕೊಡುತ್ತದೆ, ತನ್ನ ವ್ಯಾಪ್ತಿಗೆ ಬರುವ ದುಡಿಯುವವರಿಗೆಲ್ಲ ಕೊಡುತ್ತದೆ, ಮನೆಯಲ್ಲಿ ದೀಪ ಹಚ್ಚುತ್ತೀರೋ ಇಲ್ಲವೋ ಎಂದು ಕೇಳುವುದಿಲ್ಲ.

ಕಾನೂನಿನ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಾಗಿರುವ ದಿನಗಳೆಲ್ಲ ಎಲ್ಲರಿಗೂ ರಜೆ ಎಂದು ಬಹಳ ಜನ ತಿಳಿದಿದ್ದಾರೆ. ಆ ಕೆಂಪು ದಿನಗಳು ಮುಖ್ಯವಾಗಿ ಸರ್ಕಾರಿ ಕಚೇರಿಗಳ ಸಾರ್ವತ್ರಿಕ ರಜೆಗಳು. ಅವುಗಳ ಜೊತೆಗೆ ಪರಿಮಿತ ರಜೆಗಳ ಪಟ್ಟಿಯೊಂದಿದೆ. ಅದರಿಂದ ರಾಜ್ಯ ಸರ್ಕಾರಿ ನೌಕರರು ವರ್ಷಕ್ಕೆ ಎರಡು ದಿನಗಳನ್ನು ತಮಗೆ ಬೇಕಾದಂತೆ ಆರಿಸಿಕೊಳ್ಳಬಹುದು. ಸಿರುಗುಪ್ಪದ ಅಕ್ಕಿ ಗಿರಣಿಗೆ, ಬಳ್ಳಾರಿಯ ಜೀನ್ಸ್ ಘಟಕಕ್ಕೆ, ಬಟ್ಟೆ ಅಂಗಡಿಗೆ ಅನ್ವಯಿಸುವುದು ಬೇರೆ ಕಾಯ್ದೆ. ಅದು 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಇದರ ಪ್ರಕಾರ ವರ್ಷಕ್ಕೆ ಹತ್ತು ದಿನ ಸಂಬಳ ಸಹಿತ ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ಕಡ್ಡಾಯ. ಉಳಿದ ಐದು ಹಬ್ಬದ ರಜೆಗಳು ಯಾವುವು ಎಂಬುದನ್ನು ಕಾರ್ಮಿಕ ಇನ್ಸ್‌ಪೆಕ್ಟರ್ ಮಾಲೀಕರು ಮತ್ತು ಕೆಲಸಗಾರರ ಜೊತೆ ಸಮಾಲೋಚಿಸಿ ನಿಗದಿ ಮಾಡಬೇಕು.

ಈ ಕೊನೆಯ ಮಾತಿಗೆ ನಾವು ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ. ಐದು ಹಬ್ಬಗಳನ್ನು ಕೆಲಸಗಾರರನ್ನು ಕೇಳಿ ಆರಿಸಬೇಕು ಎಂದು ಕಾಯ್ದೆಯೇ ಹೇಳಿರುವಾಗ, ಟೇಲರ್‌ಗಳಲ್ಲಿ ಹೆಚ್ಚಿನವರು ಮುಸ್ಲಿಮರಿರುವ ಹೊಲಿಗೆ ಘಟಕದಲ್ಲಿ ರಂಜಾನ್, ಬಕ್ರೀದ್ ಆ ಐದರಲ್ಲಿ ಬರಬಹುದು. ಕ್ರೈಸ್ತರು ಹೆಚ್ಚಿರುವ ಕಡೆ ಕ್ರಿಸ್‌ಮಸ್, ಗುಡ್ ಫ್ರೈಡೆ ಬರಬಹುದು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರಿನ ದಿನ ಬೇಕೆಂದು ಕೇಳಬಹುದು. ಕೇಳಬೇಕು ಎಂಬುದೇ ಕೆಲಸಗಾರರಿಗೆ ಗೊತ್ತಿಲ್ಲದಿದ್ದರೆ ಪಟ್ಟಿ ಕಳೆದ ವರ್ಷದ್ದೇ ಮತ್ತೆ ಬರುತ್ತದೆ.

ಈ ಹತ್ತು ದಿನಗಳಲ್ಲಿ ಯಾರನ್ನಾದರೂ ಕೆಲಸಕ್ಕೆ ಕರೆದರೆ ಎರಡರಷ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಇನ್ನೊಂದು ದಿನ ಸಂಬಳ ಸಹಿತ ರಜೆ ಕೊಡಬೇಕು. ಹಬ್ಬ ಆಚರಿಸುವವರಿಗೊಂದು, ಆಚರಿಸದವರಿಗೊಂದು ಎಂದು ಕಾಯ್ದೆ ಎಲ್ಲೂ ವಿಂಗಡಿಸಿಲ್ಲ. ಹಾಗಿರುವಾಗ “ನಿಮಗೇನ್ ಹಬ್ಬ ಇಲ್ಲಲ್ರೀ” ಎಂದು ಕರೆದು, ಮಾಮೂಲಿ ದಿನದ ಪಗಾರ ಕೊಟ್ಟು ಕಳಿಸಿದರೆ, ಆ ಮನುಷ್ಯನಿಗೆ ಬರಬೇಕಾದ ಒಂದು ದಿನ ಕಳೆದುಹೋಯಿತು.

ಆ ಒಂದು ದಿನವೂ ಸಿಗದವರು ನಮ್ಮ ಸೀಮೆಯಲ್ಲಿ ಬಹಳ. ಬಳ್ಳಾರಿಯ ಜೀನ್ಸ್ ಪ್ಯಾಂಟು ದೊಡ್ಡ ಕಾರ್ಖಾನೆಯೊಂದರಲ್ಲೇ ಹುಟ್ಟಿ ಹೊರಬರುವುದಿಲ್ಲ. ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಹಲವು ಮನೆಗಳ ಮುಂದಿನ ಕೋಣೆಯಲ್ಲಿ, ಗುಂಡಿ ಹಾಕುವುದು ಮತ್ತೊಂದು ಕಡೆ, ವಾಷಿಂಗ್ ಇನ್ನೊಂದು ಕಡೆ. ಕೂಲಿ ಪೀಸ್ ಲೆಕ್ಕದಲ್ಲಿ. ಹಬ್ಬಕ್ಕೆ ಹೊಸ ಬಟ್ಟೆ ಕೊಳ್ಳುವವರು ಹೆಚ್ಚಾದಷ್ಟೂ ಹಬ್ಬದ ಮುಂಚಿನ ವಾರಗಳಲ್ಲಿ ಹೊಲಿಯುವವರ ನಿದ್ದೆ ಕಡಿಮೆಯಾಗುತ್ತದೆ. ಗಿರಣಿಯ ಹಮಾಲರಿಗೆ ಚೀಲದ ಲೆಕ್ಕ. ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳಿಗೆ ದಿನದ ಲೆಕ್ಕ. ಇವರಿಗೆ ರಜೆ ಎಂದರೆ ಅಂದು ಒಲೆಗೆ ದುಡ್ಡಿಲ್ಲ. ಕೆಂಪು ಅಕ್ಷರದ ದಿನ ಬಂದರೆ ಖುಷಿಪಡುವ ಮನೆಯ ಪಕ್ಕದಲ್ಲೇ ಅದಕ್ಕೆ ಅಳುಕುವ ಮನೆಯೂ ಇದೆ ಎಂಬುದನ್ನು ಈ ಚರ್ಚೆಯಲ್ಲಿ ನಾವು ಮೊದಲು ನೆನೆಯಬೇಕಿತ್ತು. ನಾನೇ ತಡವಾಗಿ ತಂದಿದ್ದೇನೆ, ಅದು ಸರಿಯಲ್ಲ.

ಇನ್ನು, ಹಬ್ಬ ಯಾರಿಗಿದೆ ಯಾರಿಗಿಲ್ಲ ಎಂದು ಹೆಸರು ನೋಡಿ ಹೇಳುವುದು ಬಳ್ಳಾರಿ ಸೀಮೆಯಲ್ಲಿ ಸುಲಭವಲ್ಲ. ಮೊಹರಂ ನೋಡಿ. ನಮ್ಮ ಹಳ್ಳಿಗಳಲ್ಲಿ ಅದು ಪೀರಲ ಹಬ್ಬ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು, ಹರಕೆ ಹೊತ್ತು ಫಕೀರರಾಗುವವರು, ಚೋಂಗೆ ಮಾಡುವವರು ಎಷ್ಟೋ ಮಂದಿ ಹಿಂದೂಗಳು. ಅದೇ ಊರಿನಲ್ಲಿ ಈ ಆಚರಣೆ ತಮ್ಮ ಧರ್ಮಕ್ಕೆ ಒಪ್ಪುವುದಿಲ್ಲವೆಂದು ದೂರ ನಿಲ್ಲುವ ಮುಸ್ಲಿಂ ಮನೆಗಳೂ ಇವೆ. ಮೊಹರಂ ದಿನ ಯಾರನ್ನು ಡ್ಯೂಟಿಗೆ ಹಾಕಬೇಕೆಂದು ಹಾಜರಿ ಪುಸ್ತಕದ ಹೆಸರು ನೋಡಿ ತೀರ್ಮಾನಿಸಿದರೆ ಎರಡು ಕಡೆಯೂ ತಪ್ಪಾಗುತ್ತದೆ.

ಸಾವಾದ ಮನೆಯ ಮಾತಂತೂ ಬೇರೆಯೇ. ಹಿರಿಯರು ತೀರಿಕೊಂಡರೆ ವರ್ಷ ತುಂಬುವವರೆಗೆ ಎಷ್ಟೋ ಮನೆಗಳಲ್ಲಿ ಹಬ್ಬ ಮಾಡುವುದಿಲ್ಲ. “ಈ ವರ್ಷ ನಮಗ ಹಬ್ಬ ಇಲ್ರೀ” ಎಂದು ಮೆಲ್ಲಗೆ ಹೇಳುತ್ತಾರೆ. ಹಾಗೆ ಹೇಳಿದವರಿಗೆ ಯುಗಾದಿಯ ದಿನ ಕೆಲಸಕ್ಕೆ ಬರುವುದು ಸಮಾಧಾನವೂ ಆಗಬಹುದು. ಸುತ್ತಲೂ ಹೋಳಿಗೆಯ ಘಮ ಬರುವಾಗ ಸುಮ್ಮನೆ ಮನೆಯಲ್ಲಿ ಕೂರುವುದು ಕಷ್ಟ. ಆದರೆ ಅಂದೇ ತಾಯಿಯ ಜೊತೆ ಕೂರಬೇಕಾದ ಮಗಳೂ ಇರುತ್ತಾಳೆ. ಕೇಳದೆ ತಿಳಿಯುವುದಿಲ್ಲ. ದೇವರನ್ನು ನಂಬದವರು, ಹಬ್ಬಗಳನ್ನು ಒಪ್ಪದ ಪಂಥದವರು, ಒಂಟಿಯಾಗಿ ಬದುಕುವವರು, ಊರಿಗೆ ಹೋಗಿಬರಲು ದುಡ್ಡಿಲ್ಲದ ಬಿಹಾರ, ಒಡಿಶಾದ ಕಾರ್ಮಿಕರು, ಇವರೆಲ್ಲರಿಗೂ ಹಬ್ಬ ಇಲ್ಲದಿರುವ ಕಾರಣ ಒಂದೇ ಅಲ್ಲ.

ಹಬ್ಬದ ದಿನ ಹಬ್ಬವಿಲ್ಲದವರ ಬದುಕೂ ಹೇಳಿದಷ್ಟು ಸಲೀಸಲ್ಲ. ಹೋಟೆಲು ಮುಚ್ಚಿರುತ್ತದೆ, ಮೆಸ್ಸಿನವರು ಊರಿಗೆ ಹೋಗಿರುತ್ತಾರೆ, ಸಿರುಗುಪ್ಪದಿಂದ ಬಳ್ಳಾರಿಗೆ ದಿನಾ ಬರುವವರು ಬಸ್ಸಿಗೆ ಹೆಚ್ಚು ಹೊತ್ತು ಕಾಯುತ್ತಾರೆ. ಗಣೇಶನ ಪಟ್ಟಿ ಎತ್ತುವವರು ಬಂದಾಗ, ಆಯುಧ ಪೂಜೆಯಂದು ಮಿಷನ್ನಿಗೆ ಕುಂಕುಮ ಹಚ್ಚುವಾಗ, ಪ್ರಸಾದ ಕೈಗೆ ಬಂದಾಗ, ಇಷ್ಟವಿಲ್ಲದವರು ಏನು ಹೇಳಬೇಕು? ಸಂವಿಧಾನದ 25ನೇ ವಿಧಿ ಧರ್ಮದ ಮಾತಿಗೂ ಮುಂಚೆ ಅಂತಃಸಾಕ್ಷಿಯ ಸ್ವಾತಂತ್ರ್ಯ ಎಂಬ ಮಾತನ್ನಿಟ್ಟಿದೆ. “ಬೇಡ್ರೀ, ಬೇಸರ ಮಾಡ್ಕೋಬ್ಯಾಡ್ರಿ” ಎಂದರೆ ಸಾಕಾಗಬೇಕು. ಹೇಳಿದವರು ಕಾರಣ ಕೊಡಬೇಕಾಗಬಾರದು.

ಯಾರೂ ರಜೆಯಲ್ಲಿ ದುಡಿಯಬಾರದು ಎಂದು ನಾನು ಹೇಳುತ್ತಿಲ್ಲ. ಹಬ್ಬದ ದಿನವೂ ಹೆರಿಗೆಯಾಗುತ್ತದೆ, ಕುಡತಿನಿಯ ವಿದ್ಯುತ್ ಸ್ಥಾವರ ನಡೆಯಲೇಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. 33 ಗೇಟುಗಳ ಆ ಅಣೆಕಟ್ಟೆಯ ನೀರನ್ನೇ ನಂಬಿ ಸಿರುಗುಪ್ಪ, ಕುರುಗೋಡಿನ ಭತ್ತದ ಗದ್ದೆಗಳಿವೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸುವ ಕೆಲಸಕ್ಕೆ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಆಗಸ್ಟ್ 15 ಸ್ವಾತಂತ್ರ್ಯ ದಿನ, 16 ವರಮಹಾಲಕ್ಷ್ಮಿ ಹಬ್ಬ. ವೆಲ್ಡರ್‌ಗಳು, ಕ್ರೇನಿನವರು, ಎಂಜಿನಿಯರುಗಳು ಆ ಎರಡೂ ದಿನ ಕಟ್ಟೆಯ ಮೇಲಿದ್ದರು. 17ರ ಹೊತ್ತಿಗೆ ನೀರು ನಿಂತಿತು. ಅವರಲ್ಲಿ ಯಾರಿಗೆ ಯಾವ ಹಬ್ಬವಿತ್ತು ಎಂದು ಅಂದು ಯಾರೂ ಕೇಳಲಿಲ್ಲ. ಕೇಳುವ ಹೊತ್ತೂ ಅದಲ್ಲ. ಅಂಥ ದುಡಿಮೆಗೆ ಸಿಗಬೇಕಾದ ಬದಲಿ ದಿನ ಮುಂದೆ ತಪ್ಪದೆ ಸಿಗುವುದೇ ಮುಖ್ಯ.

ಕೆಲಸ ಹಂಚುವವರಿಗೆ ನನ್ನದು ಸಣ್ಣ ಸಲಹೆ. ವರ್ಷದ ಮೊದಲಲ್ಲೇ ಪ್ರತಿಯೊಬ್ಬರನ್ನೂ ಕೇಳಿ: ಯಾವ ದಿನಗಳು ನಿಮಗೆ ಬೇಕೇ ಬೇಕು? ಕಾರಣ ಕೇಳಬೇಡಿ. ಕಾರಹುಣ್ಣಿಮೆ ಎನ್ನಲಿ, ನಾಗರ ಪಂಚಮಿ ಎನ್ನಲಿ, ಮಗಳ ಹುಟ್ಟುಹಬ್ಬ ಎನ್ನಲಿ. ರೈತ ಮನೆಗಳಿಗೆ ಇಷ್ಟು ದೊಡ್ಡದಾದ ಕಾರಹುಣ್ಣಿಮೆ, ಪಂಚಮಿಗಳು ಸರ್ಕಾರದ ಸಾರ್ವತ್ರಿಕ ರಜೆಯ ಪಟ್ಟಿಯಲ್ಲೇ ಇಲ್ಲ ಎಂಬುದು ನೆನಪಿರಲಿ. ಆಮೇಲೆ ಅದಲು ಬದಲು ಮಾಡಿಕೊಳ್ಳಲಿ. ದೀಪಾವಳಿಯಂದು ಬಂದ ನರ್ಸಿಗೆ ಕ್ರಿಸ್‌ಮಸ್ ಬಿಡುವು, ಬಕ್ರೀದಿಗೆ ಬಂದ ಕಂಡಕ್ಟರಿಗೆ ಯುಗಾದಿ ಬಿಡುವು. ಹೀಗೆ ನಮ್ಮ ಜನ ಬಾಯಿಮಾತಿನಲ್ಲಿ ಈಗಾಗಲೇ ಮಾಡಿಕೊಳ್ಳುತ್ತಾರೆ, ಚೆನ್ನಾಗಿಯೇ ಮಾಡಿಕೊಳ್ಳುತ್ತಾರೆ. ತೊಂದರೆಯಾಗುವುದು ಕೊಟ್ಟ ದಿನ ತಿರುಗಿ ಬಾರದಾಗ, ಅದರಲ್ಲೂ ತನಗೆ ಯಾವ ಹಬ್ಬವೂ ಇಲ್ಲ ಎಂದವನ ದಿನ ತಿರುಗಿ ಬಾರದಾಗ. ಅವನಿಗೆ ಕೇಳಲು ಒಂದು ಹಬ್ಬದ ಹೆಸರೂ ಇರುವುದಿಲ್ಲ.

ಅದಕ್ಕೇ ಡ್ಯೂಟಿ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ರಜೆಯಂದು ಯಾರು ಬಂದರು, ಎರಡನೆಯದರಲ್ಲಿ ಆ ದಿನ ಯಾವಾಗ ತಿರುಗಿ ಸಿಕ್ಕಿತು. ಡಿಸೆಂಬರಿನಲ್ಲಿ ಎರಡನೇ ಕಾಲಂ ಖಾಲಿ ಉಳಿದ ಹೆಸರುಗಳನ್ನು ಗಟ್ಟಿಯಾಗಿ ಓದಿ, ಹೊಸ ವರ್ಷದ ಮೊದಲ ಬಿಡುವುಗಳನ್ನು ಅವರಿಗೇ ಬರೆಯಿರಿ.