ಮೊಳೆಯ ಗುಟ್ಟು

ಕುಳಿತು ಓಡಿಸುವ ಇಳಿಜಾರು ಬಂಡಿಗಳ ಪಂದ್ಯಕ್ಕೆ ಮಗನ ವಯಸ್ಸು ಸಾಲದೆಂದು ಡಾನ್ ಮರ್ಫಿ ಎಂಬ ಅಮೆರಿಕನ್ ತಂದೆ ಅಂಗೈಯಗಲದ ಕಾರುಗಳ ಪಂದ್ಯವೊಂದನ್ನು ಹೂಡಿದರು. 1953ರ ಮೇ 15ರಂದು ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನಲ್ಲಿ ಮೊದಲ ‘ಪೈನ್‌ವುಡ್ ಡರ್ಬಿ’ ನಡೆಯಿತು. ಮರದ ತುಂಡು, ನಾಲ್ಕು ಗಾಲಿ, ಅಚ್ಚಿನ ಬದಲು ನಾಲ್ಕು ಮೊಳೆ. ಯಂತ್ರವಿಲ್ಲ, ಇಳಿಜಾರೇ ಓಡಿಸಬೇಕು.

ಹುಡುಗರಿಗೆ ಬಣ್ಣದ ಮೇಲೆಯೇ ಕಣ್ಣು. ಸೋಲು ಅಡಗಿರುವುದು ಮೊಳೆಯಲ್ಲಿ. ಅದರ ತಲೆಯ ಕೆಳಗೆ ಉಳಿದಿರುವ ಸಣ್ಣ ಏಣು ಪ್ರತಿ ಸುತ್ತಿನಲ್ಲಿಯೂ ಗಾಲಿಯನ್ನು ಕೆರೆಯುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆಯಿರಿ. ಬಳಿಕ ನಯವಾದ ಉಪ್ಪುಕಾಗದ, ಆಮೇಲೆ ಇನ್ನೂ ನಯವಾದುದು, ಕೊನೆಗೆ ಹಿತ್ತಾಳೆಯ ಪಾಲಿಷು. (ಅರ ಹುಡುಗನ ಕೈಯಲ್ಲಿರಲಿ, ತಂದೆಯವರು ಮೊಳೆಯನ್ನು ಹಿಡಿದುಕೊಂಡರೆ ಸಾಕು.)

ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವುದನ್ನು ಕಂಡ ನಮಗೆ ಇಲ್ಲಿಯೂ ಎಣ್ಣೆಯೇ ನೆನಪಾದೀತು. ಬೇಡ, ಅದಕ್ಕೆ ಧೂಳು ಮೆತ್ತಿ ಅಂಟಾಗುತ್ತದೆ. ಗ್ರಾಫೈಟಿನ ಒಣ ಪುಡಿಯೇ ಸರಿ. ಪೆನ್ಸಿಲ್ಲಿನ ಕಡ್ಡಿಯನ್ನು ಅರೆದರೆ ಅಷ್ಟು ಪ್ರಯೋಜನವಾಗದು. ಅದರಲ್ಲಿ ಜೇಡಿಮಣ್ಣು ಬೆರೆತಿರುತ್ತದೆ. ಪುಡಿ ಹಾಕಿದ ಮೇಲೆ ಗಾಲಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ನಿಲ್ಲುವವರೆಗೆ ಎಣಿಸಿರಿ. ಉಳಿದವುಗಳಿಗಿಂತ ಬೇಗ ನಿಂತ ಗಾಲಿಯ ಮೊಳೆಯನ್ನು ಮತ್ತೊಮ್ಮೆ ಹೊರತೆಗೆದು ಉಜ್ಜಬೇಕಾದೀತು.